ಚಾವಣಿ ಮುಚ್ಚಿದವರು ಯಾರು?

ಆಗಸ್ಟ್ 5, ಮಂಗಳವಾರ

ಈ ನೋಟ್‌ಬುಕ್ ಕೊಟ್ಟವಳು ಹೆಂಡತಿ. "ಬಾಯಿಗೆ ಬಂದಿದ್ದೆಲ್ಲ ನನ್ನ ಮೇಲೆ ಎರಚ್ಬೇಡಿ, ಇದ್ರಲ್ಲಿ ಬರೀರಿ," ಅಂದಳು. ಸರಿ, ಬರೆಯುತ್ತೇನೆ.

ಮೂವತ್ತೊಂದು ವರ್ಷ ಊರಿನವರ ಚಾವಣಿಗಳನ್ನು ರಿಪೇರಿ ಮಾಡಿದ ನಾನು ಈಗ ಅಂಗಾತ ಮಲಗಿ ನನ್ನದೇ ಚಾವಣಿ ನೋಡುತ್ತಿದ್ದೇನೆ. ಎರಡು ಹೆಂಚು ಸರಿದಿವೆ. ಯಾರಿಗೂ ಹೇಳಿಲ್ಲ, ಮಾನ ಹೋಗುತ್ತದೆ.

ಶನಿವಾರ ಬೇಕರಿಯ ಚಾವಣಿ ಏರುವಾಗ ಏಣಿ ಜಾರಿತು. ಬ್ರೆಡ್ಡಿನ ಟ್ರೇಗಳ ಮೇಲೆ ಬಿದ್ದೆ, ಹಾಗಾಗಿ ತಲೆ ಉಳಿಯಿತು. ಮೊಣಕಾಲಿನ ಕೆಳಗೆ ಎರಡು ಕಡೆ ಮುರಿತ. ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್, ಆರು ವಾರ. ಸೆಪ್ಟೆಂಬರ್ 16ಕ್ಕೆ ಬಿಚ್ಚುತ್ತಾರಂತೆ. ಆ ದಿನ ತಪ್ಪಿದರೆ ಮೂಳೆ ಡಾಕ್ಟರು ಒಂದು ತಿಂಗಳು ರಜೆ.

ಕೆಳಗೆ ಏಣಿ ಹಿಡಿದಿದ್ದವನು ನನ್ನ ತಮ್ಮ. ಹಿಡಿದಿದ್ದೆ ಅನ್ನುವುದು ಅವನ ಮಾತು. ಹಿಡಿದಿದ್ದರೆ ಏಣಿ ಜಾರುವುದು ಹೇಗೆ? ಬಿಟ್ಟಿದ್ದಾನೆ. ಇದಕ್ಕೆ ವಕೀಲರು ಬೇಡ, ಕಾಮನ್ ಸೆನ್ಸ್ ಸಾಕು.

ನಮ್ಮ ಮನೆ ದರ್ಜಿಯ ಅಂಗಡಿಯ ಮೇಲೆ. ಹತ್ತಲು ಒಂದು ಕಬ್ಬಿಣದ ಸುರುಳಿ ಮೆಟ್ಟಿಲು, ಒಬ್ಬರು ಹೋದರೆ ಇನ್ನೊಬ್ಬರು ಉಸಿರು ಬಿಗಿಹಿಡಿಯಬೇಕು. ಆಸ್ಪತ್ರೆಯಿಂದ ನನ್ನನ್ನು ತಂದಾಗ ಇಂಜೆಕ್ಷನ್ ನಿದ್ದೆಯಲ್ಲಿದ್ದೆ. ಅದೇ ಮೆಟ್ಟಿಲಲ್ಲಿ ಹೇಗೆ ತಂದು ಹಾಕಿದರೋ. ಆಸ್ಪತ್ರೆಯವರೇ ಇರಬೇಕು, ಅವರಿಗೆ ಅಭ್ಯಾಸ.

ಒಂದು ಸಮಾಧಾನ. ಹಾಸಿಗೆಗೆ ತಾಗಿಸಿಟ್ಟ, ನಾನು ಬರೆಯುತ್ತಿರುವ ಈ ಮೇಜು ಮೊದಲು ಕುಣಿಯುತ್ತಿತ್ತು. ಹೋದ ತಿಂಗಳು ನಾನೇ ಕಾಲಿನ ಕೆಳಗೆ ರಬ್ಬರ್ ಕೊಟ್ಟು ಸರಿ ಮಾಡಿದ್ದೆ. ಈಗ ಅಕ್ಷರ ಮುತ್ತಿನ ಹಾಗೆ ಬರುತ್ತಿದೆ.

ಆಗಸ್ಟ್ 7, ಗುರುವಾರ

ಹೆಂಡತಿ ಲಾಂಡ್ರಿ ಕೆಲಸಕ್ಕೆ ಹೋಗಲೇಬೇಕು. ಹಗಲು ನನ್ನನ್ನು ನೋಡಿಕೊಳ್ಳಲು ಅವಳ ತಾಯಿ ಬಂದಿದ್ದಾರೆ. ಎಪ್ಪತ್ತಾರು ವರ್ಷ, ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಬೈಬಲ್.

"ಅಳಿಯಂದ್ರೇ, ದಿನಾ ಒಂದು ಅಧ್ಯಾಯ ಓದ್ತೀನಿ. ಕೇಳಿಸ್ಕೊಳ್ಳಿ."

"ನಂಗೆ ಕೆಲ್ಸ ಇದೆ ಅತ್ತೆ."

ಅತ್ತೆ ನನ್ನ ಪ್ಲಾಸ್ಟರನ್ನು ತುದಿಯಿಂದ ಬುಡದವರೆಗೆ ನೋಡಿದರು. ಕನ್ನಡಕ ಹಾಕಿಕೊಂಡರು. ಓದಲು ಶುರು ಮಾಡಿದರು.

ನಾನು ಚರ್ಚಿಗೆ ಹೋಗುವುದು ಮದುವೆಗೆ, ಸಾವಿಗೆ, ಮತ್ತೆ ಅಲ್ಲಿ ಚಾವಣಿ ಸೋರಿದಾಗ. ಇಪ್ಪತ್ತಾರು ವರ್ಷ ಅತ್ತೆಯಿಂದ ತಪ್ಪಿಸಿಕೊಂಡು ಓಡಾಡಿದೆ. ಈಗ ಸಿಕ್ಕಿಬಿದ್ದೆ.

ಆಗಸ್ಟ್ 8, ಶುಕ್ರವಾರ

ಇವತ್ತಿನದನ್ನು ವಿವರವಾಗಿ ಬರೆಯಬೇಕು, ಯಾಕೆಂದರೆ ಗೆದ್ದವನು ನಾನು.

ಕಥೆ ಇಷ್ಟು. ಒಬ್ಬ ಕೈಕಾಲು ಬಿದ್ದುಹೋದ ರೋಗಿ. ಯೇಸು ಒಂದು ಮನೆಯಲ್ಲಿ ಬೋಧನೆ ಮಾಡುತ್ತಿದ್ದಾನೆ, ಬಾಗಿಲ ತನಕ ಜನ. ನಾಲ್ಕು ಜನ ಈ ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದರು, ಒಳಗೆ ಹೋಗಲು ಜಾಗವಿಲ್ಲ. ಚಾವಣಿ ಏರಿದರು, ತೆರೆದರು, ಹಾಸಿಗೆಯನ್ನು ಕೆಳಗೆ ಇಳಿಸಿದರು. ರೋಗಿ ಎದ್ದು ಹಾಸಿಗೆ ಎತ್ತಿಕೊಂಡು ನಡೆದ. ಎಲ್ಲರೂ ಬೆರಗಾದರು. ಮುಗಿಯಿತು.

"ಚಾವಣಿ?" ಅಂದೆ.

"ಏನು ಚಾವಣಿ?"

"ಒಡೆದ್ರಲ್ಲ. ಮುಚ್ಚಿದವರು ಯಾರು?"

ಅತ್ತೆ ಪುಟ ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. "ಬರ್ದಿಲ್ಲ."

"ನೋಡಿ! ಹಾಸಿಗೆ ಇಳಿಯೋ ತೂತು ಅಂದ್ರೆ ಆರಡಿಗೆ ಮೂರಡಿ. ಅಡ್ಡತೊಲೆ ಕತ್ತರಿಸಿರ್ತಾರೆ. ಕೆಳಗೆ ಕೂತವರ ತಲೆ ಮೇಲೆಲ್ಲ ಮಣ್ಣು. ರೋಗಿ ಎದ್ದು ಹೋದ, ನಾಲ್ಕು ಜನ ಕುಣ್ಕೊಂಡು ಹೋದ್ರು. ಮನೆಯವನು ಆಕಾಶ ನೋಡ್ಕೊಂಡು ಮಲ್ಗಬೇಕಾ?"

"ಪವಾಡ ನಡ್ದಿದೆ, ನಿಮಗೆ ಹೆಂಚಿನ ಚಿಂತೆ!"

"ಪವಾಡ ಮಾಡೋಕೆ ಒಬ್ಬ ಇದ್ದ ಅತ್ತೆ. ಹೆಂಚು ಹಾಕೋಕೆ ಯಾರಿದ್ರು?"

ಅತ್ತೆ ಚಹಾ ಮಾಡಲು ಎದ್ದು ಹೋದರು. ಚಹಾಕ್ಕೆ ಸಕ್ಕರೆ ಹಾಕಲು ಮರೆತರು.

ಆಗಸ್ಟ್ 11, ಸೋಮವಾರ

ನಿರ್ಧಾರ ಮಾಡಿದೆ. ತಮ್ಮನ ಜೊತೆ ಕೆಲಸ ಇನ್ನು ಸಾಕು. ನಮ್ಮ ಶೆಡ್ಡಿನ ಮೇಲಿನ ಬೋರ್ಡು "ಅಣ್ಣ ತಮ್ಮ ಚಾವಣಿ ರಿಪೇರಿ" ಅಂತ ಇದೆ. ಅದರಲ್ಲಿ "ತಮ್ಮ" ಅನ್ನುವುದನ್ನು ನನ್ನ ಕೈಯಾರೆ ಬಿಳಿ ಬಳಿದು ಮುಚ್ಚುತ್ತೇನೆ. ಕಾಲು ಸರಿಯಾಗುವ ಮೊದಲೇ ಊರಿಗೆ ಗೊತ್ತಾಗಬೇಕು.

ಹೆಂಡತಿ, ಕೆಳಗಿನ ದರ್ಜಿ ಇಬ್ಬರೂ ಬೋರ್ಡನ್ನು ನೆಟ್ಟಗೆ ನಿಲ್ಲಿಸಿ, ಏಳು ಸಲ ಬಡಿದು, ಸುರುಳಿ ಮೆಟ್ಟಿಲಲ್ಲಿ ತಂದರು. ಏಳಡಿ ಉದ್ದ, ಒಳ್ಳೆಯ ಮರ. ಎದುರು ಗೋಡೆಗೆ ಒರಗಿಸಿದ್ದಾರೆ. ಬಿಳಿ ಬಣ್ಣದ ಡಬ್ಬಿ, ಬ್ರಷ್ಷು ಮೇಜಿನ ಮೇಲಿದೆ.

ಹೆಂಡತಿ ಏದುಸಿರು ಬಿಡುತ್ತಾ ಹೇಳಿದಳು: "ಒಂದ್ಸಲ ಅವನಿಗೆ ಫೋನ್ ಮಾಡಿ ಕೇಳಿ. ಪಾಪ, ಎರಡೂ ಅಂಗೈ ಸುಲಿದುಹೋಗಿದೆ, ಬಟ್ಟೆ ಸುತ್ಕೊಂಡಿದಾನೆ."

"ನಾಟಕ," ಅಂದೆ.

ಬೋರ್ಡು ಕೈಗೆ ಎಟಕುತ್ತಿಲ್ಲ. ಅತ್ತೆಗೆ ಹತ್ತಿರ ತಳ್ಳಿ ಅಂದೆ. ಸೊಂಟ ನೋವು ಅಂದರು. ಅದೇ ಸೊಂಟದಲ್ಲಿ ಮಧ್ಯಾಹ್ನ ಕಪಾಟನ್ನೇ ಸರಿಸಿ ಗುಡಿಸಿದರು.

ಆಗಸ್ಟ್ 14, ಗುರುವಾರ

ಅತ್ತೆ ಪಾದ್ರಿಯವರನ್ನು ಕರೆಸಿದ್ದಾರೆ, ನನ್ನನ್ನು ಮಣಿಸಲು. ಸಣಕಲು ಮನುಷ್ಯ, ಮೆಟ್ಟಿಲು ಹತ್ತುವಷ್ಟರಲ್ಲೇ ಅರ್ಧ ಆಗಿದ್ದರು. ನಾನು ಕೇಳಿದೆ, ಚಾವಣಿ ಮುಚ್ಚಿದವರು ಯಾರು?

ಪಾದ್ರಿಯವರು ನಕ್ಕರು. ಆಮೇಲೆ ನಗು ನಿಂತಿತು. ತಲೆ ಕೆರೆದುಕೊಂಡರು. "ಇಪ್ಪತ್ತು ವರ್ಷದಿಂದ ಇದ್ರ ಮೇಲೆ ಬೋಧನೆ ಮಾಡ್ತಿದೀನಿ ಮೇಸ್ತ್ರಿಗಳೇ. ಅಲ್ಲಿ ಮುಖ್ಯ ಏನಂದ್ರೆ, ಆ ನಾಲ್ವರ ನಂಬಿಕೆ..."

"ನಂಬಿಕೆ ಸರಿ. ಆ ರಾತ್ರಿ ಮಳೆ ಬಂದಿದ್ರೆ?"

ಪಾದ್ರಿಯವರು ಎದ್ದು ಕಿಟಕಿಯ ಹತ್ತಿರ ನಿಂತರು. ನಮ್ಮ ಕಿಟಕಿಯಲ್ಲಿ ನೋಡುವಂಥದ್ದೇನೂ ಇಲ್ಲ, ಮೂರಡಿ ಅಗಲ, ಕಬ್ಬಿಣದ ಸರಳು, ಕೆಳಗೆ ರಸ್ತೆ. ಸರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಹೋಗುವಾಗ ಮೆಲ್ಲಗೆ, "ನಮ್ಮ ಅಡುಗೆಮನೆ ಮೂಲೇಲಿ ಸ್ವಲ್ಪ ಸೋರತ್ತೆ. ಕಾಲು ಸರಿಯಾದ್ಮೇಲೆ ಒಂದ್ಸಲ..." ಅಂದರು.

ಒಳ್ಳೆಯ ಮನುಷ್ಯ.

ಆಗಸ್ಟ್ 19, ಮಂಗಳವಾರ

ಈಗ ನನಗೆ ಕೈ ಕುದುರಿದೆ. ಅತ್ತೆ ಬೇಕೆಂದೇ ಕಟ್ಟಡ ಇಲ್ಲದ ಭಾಗ ಹುಡುಕುತ್ತಾರೆ, ಸಿಗುವುದಿಲ್ಲ. ಬೈಬಲ್ ತುಂಬಾ ನಮ್ಮ ಕಸುಬೇ.

ಒಂದು ಕಥೆಯಲ್ಲಿ ಕೋಟೆಯ ಗೋಡೆ ಕುಸಿದು ಬಿತ್ತಂತೆ. ಆದರೆ ಗೂಢಚಾರರನ್ನು ಬಚ್ಚಿಟ್ಟ ಹೆಂಗಸಿನ ಮನೆ ಆ ಗೋಡೆಗೇ ಅಂಟಿಕೊಂಡಿತ್ತು, ಅವಳು ಮನೆಮಂದಿ ಸಮೇತ ಬದುಕಿದಳು. ಗೋಡೆ ಬಿದ್ದ ಮೇಲೆ ಮನೆ ನಿಂತದ್ದು ಯಾವುದರ ಮೇಲೆ? ಅತ್ತೆ "ಮುಂದಕ್ಕೆ" ಅಂದರು. ಇನ್ನೊಬ್ಬ ಮರಳಿನ ಮೇಲೆ ಮನೆ ಕಟ್ಟಿದ. ಕಟ್ಟಿದವನಿಗೆ ಬುದ್ಧಿ ಇಲ್ಲ ಸರಿ, ಅವನ ಮೇಸ್ತ್ರಿ ಬಾಯಿ ಮುಚ್ಕೊಂಡು ಯಾಕೆ ಕಟ್ಟಿದ? ನೋಹನ ಹಡಗಿನ ವಿಷಯದಲ್ಲಿ ಮಾತ್ರ ನನ್ನ ತಕರಾರಿಲ್ಲ. ನೀರು ನುಗ್ಗದಂತೆ ಒಳಗೂ ಹೊರಗೂ ರಾಳ ಬಳಿಯಬೇಕು ಅಂತ ದೇವರೇ ಹೇಳಿದ್ದಾನೆ. ಇದನ್ನು ನಾನು ಗಿರಾಕಿಗಳಿಗೆ ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಹೊರಗೆ ಮಾತ್ರ ಸಾಕು ಅನ್ನುತ್ತಾರೆ.

ಕೊನೆಯಲ್ಲಿ ನನಗೆ ಕೋಪ ಬಂತು. ಪೌಲ ಅನ್ನುವವನು ಮೂರನೇ ಅಂತಸ್ತಿನಲ್ಲಿ ಬೋಧನೆ ಮಾಡುತ್ತಲೇ ಇದ್ದನಂತೆ. ಕಿಟಕಿಯಲ್ಲಿ ಕೂತ ಒಬ್ಬ ತೂಕಡಿಸಿ ಕೆಳಗೆ ಬಿದ್ದ. ಪೌಲ ಇಳಿದು ಹೋಗಿ ಅಪ್ಪಿಕೊಂಡ, ಜೀವ ಇದೆ ಅಂದ, ಮೇಲೆ ಬಂದು ಊಟ ಮಾಡಿ ಮತ್ತೆ ಬೆಳಗಾಗುವ ತನಕ ಮಾತಾಡಿದ!

"ಮೂರನೇ ಅಂತಸ್ತಿಂದ ಬಿದ್ದವನನ್ನ ಒಬ್ಬರಾದ್ರೂ 'ನೋವಾಯ್ತಾ' ಅಂತ ಕೇಳಿದ್ರಾ ಅತ್ತೆ?"

"ನೀವು ಬಿದ್ದಾಗ ಕೇಳಿದ್ರಲ್ಲ, ನೀವು ಏನ್ ಅಂದ್ರಿ?"

ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆಗಸ್ಟ್ 22, ಶುಕ್ರವಾರ

ಮೂರು ವಾರವಾಯಿತು. ತಮ್ಮ ಒಂದು ಸಲವೂ ಬಂದಿಲ್ಲ. ತಪ್ಪು ಮಾಡಿದವನಿಗೆ ಮುಖ ಎಲ್ಲಿಂದ ಬರಬೇಕು? ಬಂದರೂ ಮಾತಾಡಿಸುವುದಿಲ್ಲ. ಆದರೆ ಬರಬೇಕಿತ್ತು.

ಆಗಸ್ಟ್ 27, ಬುಧವಾರ

ಇವತ್ತು ಒಂದು ಆಶ್ಚರ್ಯ.

ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿದ ಕಥೆ. ಆರು ಕಲ್ಲಿನ ಬಾನಿ, ಕಂಠದವರೆಗೆ ನೀರು ತುಂಬಿಸಿ ಅಂತ ಯೇಸು ಅಂದದ್ದೇ ಕೆಲಸದವರು ತುಂಬಿಸಿದರು, ನೀರು ದ್ರಾಕ್ಷಾರಸವಾಯಿತು. ನಾನು ಲೆಕ್ಕ ಹಾಕಿದೆ. ಒಂದೊಂದರಲ್ಲಿ ಸುಮಾರು ನೂರು ಲೀಟರ್. ಆಗ ನಲ್ಲಿ ಎಲ್ಲಿತ್ತು? ಬಾವಿಯಿಂದ ಕನಿಷ್ಠ ಅರವತ್ತು ಕೊಡ ಹೊತ್ತಿರಬೇಕು. "ಹೆಸರು ಬಂದಿದ್ದು ಯಾರಿಗೆ? ಬೆನ್ನು ಮುರ್ಕೊಂಡವರ ಸುದ್ದಿಯೇ ಇಲ್ಲ!" ಅಂತ ಕೂಗಿದೆ.

ಅತ್ತೆ ಇನ್ನೊಂದು ಸಾಲು ಓದಿದರು. ಆ ರಸ ಎಲ್ಲಿಂದ ಬಂತು ಅನ್ನುವುದು ಔತಣದ ಯಜಮಾನನಿಗೆ ಗೊತ್ತಿರಲಿಲ್ಲ, ನೀರು ಸೇದಿದ ಆಳುಗಳಿಗೆ ಮಾತ್ರ ಗೊತ್ತಿತ್ತಂತೆ.

ಬರೆದವನು ಕೆಲಸದವರ ಕಡೆಗೂ ನೋಡಿದ್ದಾನೆ. "ಇನ್ನೊಂದ್ಸಲ ಓದಿ," ಅಂದೆ. ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇನ್ನೊಂದು ಸಲ ಓದಿದರು. ಚಹಾ ಇವತ್ತು ಚೆನ್ನಾಗಿತ್ತು.

ಸೆಪ್ಟೆಂಬರ್ 2, ಮಂಗಳವಾರ

ಅತ್ತೆ ಇವತ್ತು ಬೈಬಲ್ ಮುಚ್ಚಿಟ್ಟರು. "ದಿನಾ ನೀವು ನನ್ನ ಪುಸ್ತಕಕ್ಕೆ ಪ್ರಶ್ನೆ ಕೇಳ್ತೀರಲ್ಲ, ಇವತ್ತು ನಾನು ಕೇಳ್ತೀನಿ."

"ಕೇಳಿ."

"ಏಣಿ ಬಿಟ್ಟವನ ಅಂಗೈ ಹೇಗೆ ಸುಲಿಯತ್ತೆ?"

ನಾನು ಏನೋ ಹೇಳಲು ಬಾಯಿ ತೆರೆದೆ.

"ನಿಮ್ಮ ಕಾಮನ್ ಸೆನ್ಸಿಂದ್ಲೇ ಹೇಳಿ. ಬಿಟ್ಟವನ ಕೈ ಸುಲಿಯತ್ತಾ, ಜಾರೋ ಏಣೀನ ಬಿಡದೇ ಹಿಡಿದವನ ಕೈ ಸುಲಿಯತ್ತಾ?"

ನಾನು ಚಹಾ ಕೇಳಿದೆ.

"ಇನ್ನೊಂದು ಪ್ರಶ್ನೆ. ನಿಮ್ಮನ್ನ ಈ ಮೆಟ್ಟಿಲಲ್ಲಿ ಮೇಲೆ ತಂದವರು ಯಾರು?"

"ಆಸ್ಪತ್ರೆಯವರು."

"ಅವರ ಸ್ಟ್ರೆಚರ್ರು ಎರಡನೇ ತಿರುವಲ್ಲೇ ಸಿಕ್ಕಾಕ್ಕೊಳ್ತು, ಇಳಿಸಿ ಹೊರಟ್ರು. ನಿಮ್ಮ ತಮ್ಮ ಆ ಸುಲಿದ ಕೈಯಲ್ಲಿ ನಿಮ್ಮನ್ನ ಬೆನ್ನಿಗೆ ಹಾಕ್ಕೊಂಡು ಇಪ್ಪತ್ಮೂರು ಮೆಟ್ಟಿಲು ಹತ್ತಿದ. ಅವತ್ತು ಬೆನ್ನು ಹಿಡ್ಕೊಂಡಿದ್ದು, ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಹೇಳ್ಬೇಡಿ ಅಂದಿದ್ದ. ಇನ್ನು ತಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ."

ಸೆಪ್ಟೆಂಬರ್ 3, ಬುಧವಾರ

ನಾನು ಎಂಬತ್ತೆಂಟು ಕಿಲೋ. ಪ್ಲಾಸ್ಟರ್ ಬೇರೆ.

ಸೆಪ್ಟೆಂಬರ್ 5, ಶುಕ್ರವಾರ

ಆದರೂ ಏಣಿ ಜಾರಿತಲ್ಲ. ಅವನು ಹಿಡಿದಿದ್ದ ಅನ್ನೋಣ. ಒಳ್ಳೆಯ ಏಣಿ ಹಿಡಿದ ಮೇಲೂ ಯಾಕೆ ಜಾರಬೇಕು? ಎರಡು ದಿನದಿಂದ ಇದೇ ಯೋಚನೆ.

ಇವತ್ತಿನ ಓದು ಮರಗೆಲಸದ್ದು. ತನ್ನ ಕಣ್ಣಿನಲ್ಲಿ ತೊಲೆ ಇಟ್ಟುಕೊಂಡವನು ಇನ್ನೊಬ್ಬನ ಕಣ್ಣಿನ ಧೂಳು ತೆಗೆಯಲು ಹೊರಟನಂತೆ. ನನಗೆ ನಗು ತಡೆಯಲಾಗಲಿಲ್ಲ. "ತೊಲೆ ಅಂದ್ರೆ ಕಡಿಮೆ ಅಂದ್ರೂ ಹನ್ನೆರಡಡಿ ಅತ್ತೆ. ಕಣ್ಣಲ್ಲಿ ಇಟ್ಕೊಂಡು ಬಾಗ್ಲು ದಾಟೋದು ಹೇಗೆ? ಅವನಿಗೆ ಗೊತ್ತಾಗಲ್ವಾ?"

"ಅದೇ ನಂಗೂ ಅರ್ಥ ಆಗಲ್ಲ," ಅನ್ನುತ್ತಾ ಅತ್ತೆ ಪೊರಕೆ ತಗೊಂಡು ಮೇಜಿನ ಕೆಳಗೆ ಬಗ್ಗಿದರು. ಅಲ್ಲಿಂದಲೇ ಕೇಳಿದರು: "ಈ ಮೇಜಿಗೆ ಬೂಟು ಹಾಕಿದವರು ಯಾರು?"

"ನಾನೇ. ಕುಣೀತಿತ್ತು."

"ಎಲ್ಲಿಂದ ತಂದ್ರಿ?"

ಏಣಿಯಿಂದ. ಏಣಿಯ ಎಡಗಾಲಿಗಿದ್ದ ರಬ್ಬರ್ ಬೂಟು. ಎರಡು ದಿನಕ್ಕೆ ಅಂತ ಬಿಚ್ಚಿ ತಂದಿದ್ದೆ. ಬೇಕರಿಯ ಮುಂದೆ ನುಣುಪು ಕಲ್ಲಿನ ನೆಲ. ಬೂಟಿಲ್ಲದ ಏಣಿಯನ್ನು ಅಲ್ಲಿ ಆನೆ ಹಿಡಿದರೂ ಜಾರುತ್ತದೆ.

ಇದನ್ನು ಅತ್ತೆಗೆ ಹೇಳಲಿಲ್ಲ. "ನೆನಪಿಲ್ಲ" ಅಂದೆ. ಅತ್ತೆ ಕೆಳಗಿನಿಂದ ಎದ್ದು, "ಹೋಗ್ಲಿ ಬಿಡಿ," ಅಂದರು. ಇಪ್ಪತ್ತಾರು ವರ್ಷದಲ್ಲಿ ಅತ್ತೆ ಯಾವುದನ್ನಾದರೂ ಹೋಗಲಿ ಬಿಡಿ ಅಂದದ್ದು ಇದೇ ಮೊದಲು.

ಸೆಪ್ಟೆಂಬರ್ 6, ಶನಿವಾರ

ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ 8, ಸೋಮವಾರ

ಏನೂ ಇಲ್ಲ. ನಾಚಿಕೆ ಒಂದಿದೆ. ಅದನ್ನು ಬರೆಯುವುದು ಹೇಗೆ.

ಸೆಪ್ಟೆಂಬರ್ 12, ಶುಕ್ರವಾರ

ಬಣ್ಣದ ಡಬ್ಬಿ ತೆರೆದು ನೋಡಿದೆ, ಒಣಗಿ ಗಟ್ಟಿಯಾಗಿದೆ. ಒಳ್ಳೆಯದಾಯಿತು.

ತಮ್ಮನಿಗೆ ಹೇಳಿ ಕಳಿಸಬೇಕು. ಏನಂತ? ಮೂವತ್ತು ವರ್ಷ ಅವನಿಗೆ ನಾನು ಹೇಳಿದ್ದೆಲ್ಲ "ಹಿಡ್ಕೋ, ಎತ್ತು, ಬಿಡು" ಅಷ್ಟೇ. ಅದರ ಆಚೆಗೆ ಮಾತು ಬರುತ್ತಿಲ್ಲ. ಅತ್ತೆ ಮಾತ್ರ ಮೂರು ದಿನದಿಂದ ಫೋನಿನಲ್ಲಿ ಗುಸುಗುಸು ಮಾಡುತ್ತಿದ್ದಾರೆ. ಕೇಳಿದರೆ ಚರ್ಚಿನ ವಿಷಯ ಅನ್ನುತ್ತಾರೆ.

ಸೆಪ್ಟೆಂಬರ್ 16, ಮಂಗಳವಾರ

ರಾತ್ರಿಯಾಗಿದೆ, ಆದರೂ ಇವತ್ತೇ ಬರೆಯಬೇಕು.

ಬೆಳಿಗ್ಗೆ ಎಂಟಕ್ಕೆ ಆಂಬುಲೆನ್ಸಿನವರು ಬಂದು ಮೆಟ್ಟಿಲು ನೋಡಿದರು. "ಇಳಿಸೋದು ನಿಮ್ಮ ಕೆಲ್ಸ. ರಸ್ತೇಲಿ ಕಾಯ್ತೀವಿ, ಅರ್ಧ ಗಂಟೆ," ಅಂದು ಇಳಿದು ಹೋದರು. ದರ್ಜಿ ಬಂದ. ಪಾದ್ರಿಯವರು ಬಂದರು. ಅವರ ಹಿಂದೆ ಸೊಂಟಕ್ಕೆ ಅಗಲದ ಬೆಲ್ಟು ಬಿಗಿದುಕೊಂಡು ತಮ್ಮ ಬಂದ, ಹೆಗಲ ಮೇಲೆ ನಮ್ಮ ಹೆಂಚು ಏರಿಸುವ ಹಗ್ಗ, ರಾಟೆ.

ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

"ಬೆನ್ನ ಮೇಲೆ ಆಗಲ್ಲ ಈಗ," ಅಂತ ಗೋಡೆಗೆ ಹೇಳಿದ.

ಪಾದ್ರಿಯವರು ಕೆಮ್ಮಿದರು. "ಆ ಕಥೇಲಿ... ನಾಲ್ಕು ಜನ..." ಅಂದು ಮೇಲೆ ನೋಡಿದರು. ಎಲ್ಲರೂ ಮೇಲೆ ನೋಡಿದರು.

"ನನ್ನ ಚಾವಣಿ ಮುಟ್ಟಿದ್ರೆ ಕಾಲು ಮುರೀತೀನಿ!" ಅಂತ ಕೂಗಿದೆ.

"ಅಲ್ಲಿ ಎರಡು ಹೆಂಚು ಆಗ್ಲೇ ಸರಿದಿದೆ," ಅಂದ ತಮ್ಮ. "ಕಿಟಕಿ ಸಾಕು."

ಹತ್ತು ನಿಮಿಷದಲ್ಲಿ ಸರಳು ಕಿತ್ತ, ಚೌಕಟ್ಟು ಕಿತ್ತ, ಕೆಳಗಿನ ಎರಡು ಸಾಲು ಇಟ್ಟಿಗೆಯನ್ನೂ ತೆಗೆದ. ಮೇಲಿನ ತೊಲೆಗೆ ರಾಟೆ ಕಟ್ಟಿದ. ನನ್ನನ್ನು ಮಲಗಿಸಲು ಹಲಗೆ ಬೇಕಿತ್ತು. ಮನೆಯಲ್ಲಿ ಏಳಡಿಯ ಹಲಗೆ ಒಂದೇ. ತಮ್ಮ ಬೋರ್ಡಿನ ಮುಂದೆ ನಿಂತ. ಪಕ್ಕದಲ್ಲಿದ್ದ ಬಣ್ಣದ ಡಬ್ಬಿ ನೋಡಿದ, ಬ್ರಷ್ಷು ನೋಡಿದ. ಅವನಿಗೆ ಅರ್ಥವಾಯಿತು. ನನಗೆ ಆಗಲೇ ಕಿಟಕಿಯಿಂದ ಹಾರಿಬಿಡೋಣ ಅನ್ನಿಸಿತು, ಹಗ್ಗವಿಲ್ಲದೆ.

"ಒಳ್ಳೆ ಮರ," ಅಂದ. ಅಷ್ಟೇ. ನನ್ನನ್ನು ಅದರ ಮೇಲೆ ಮಲಗಿಸಿ ನಾಲ್ಕು ಮೂಲೆಗೂ ಗಂಟು ಹಾಕಿದ.

ರಾಟೆಯ ಹಗ್ಗ ತಮ್ಮ ಮತ್ತು ದರ್ಜಿಯ ಕೈಯಲ್ಲಿ. ಹಲಗೆ ಗೋಡೆಗೆ ಬಡಿಯದಂತೆ ತಡೆಯುವ ಹಗ್ಗಗಳು ಹೆಂಡತಿ ಮತ್ತು ಪಾದ್ರಿಯವರ ಕೈಯಲ್ಲಿ. ಅತ್ತೆ ರಸ್ತೆಯಲ್ಲಿ ನಿಂತು ಬಸ್ಸನ್ನೇ ತಡೆದಿದ್ದರು. ಬಸ್ಸಿನವರೆಲ್ಲ ಇಳಿದು ತಲೆ ಎತ್ತಿ ಓದುತ್ತಿದ್ದರು: "ಅಣ್ಣ ತಮ್ಮ ಚಾವಣಿ ರಿಪೇರಿ." ಒಬ್ಬ ಫೋನ್ ನಂಬರ್ ಬರೆದುಕೊಂಡ.

ಅರ್ಧದಲ್ಲಿ ಹಲಗೆ ವಾಲಿತು. ಪಾದ್ರಿಯವರು ಪ್ರಾರ್ಥನೆಗೆ ಕಣ್ಣು ಮುಚ್ಚಿದ್ದರಂತೆ. ನಾನು ಕಣ್ಣು ಮುಚ್ಚಲಿಲ್ಲ, ಮೇಲೆ ತಮ್ಮನ ಮುಖ ಮಾತ್ರ ಕಾಣುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದ. ಆಗ ನನ್ನ ಬಾಯಿಂದ ತಾನಾಗಿ ಬಂತು.

"ಲೋ! ಏಣಿ ಬೂಟು ಮೇಜಿನ ಕೆಳಗಿದೆ ಕಣೋ! ನಾನೇ ಬಿಚ್ಚಿದ್ದು!"

"ಗೊತ್ತು ಅಣ್ಣ!"

"ಯಾವಾಗಿಂದ?"

"ಅವತ್ತೇ! ನಿನ್ನ ಹೊತ್ತು ತಂದು ಮಲಗಿಸಿದೆನಲ್ಲ, ಆಗ್ಲೇ ಕಾಣಿಸ್ತು!"

"ಮತ್ತೆ ಹೇಳ್ಲಿಲ್ಲ ಯಾಕೋ?"

"ನೀನು ಕಾಲು ಮುರ್ಕೊಂಡಿದ್ದೆ. ಅದರ ಮೇಲೆ ಇದೂ ಯಾಕೆ ಅಂತ!"

ರಸ್ತೆಯ ಮೇಲೆ ಹತ್ತಡಿ ಎತ್ತರದಲ್ಲಿ, ಇಡೀ ಬಸ್ಸಿನ ಜನರ ಎದುರಿಗೆ, ನಾನು ಅತ್ತುಬಿಟ್ಟೆ. ಒರೆಸಿಕೊಳ್ಳಲೂ ಆಗಲಿಲ್ಲ, ಕೈ ಕಟ್ಟಿದ್ದರು.

ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿದೆ. ಕಾಲು ಕಡ್ಡಿಯಾಗಿದೆ. ಸಂಜೆ ನನ್ನ ಕಾಲಿನಿಂದಲೇ ಮೆಟ್ಟಿಲು ಏರಿದೆ. ಒಂದು ಗಂಟೆ ಹಿಡಿಯಿತು, ತಮ್ಮ ಒಂದು ಮೆಟ್ಟಿಲು ಹಿಂದೆ ಇದ್ದ.

ಸೆಪ್ಟೆಂಬರ್ 17, ಬುಧವಾರ

ಬೆಳಿಗ್ಗೆ ಗಾಳಿಗೆ ಎಚ್ಚರವಾಯಿತು, ಕಿಟಕಿ ಇದ್ದ ಕಡೆ ದೊಡ್ಡ ತೂತು. ಏಳಕ್ಕೆಲ್ಲ ಮೆಟ್ಟಿಲಲ್ಲಿ ಬಕೆಟ್ಟಿನ ಸದ್ದು. ತಮ್ಮ ಸಿಮೆಂಟು ತಂದಿದ್ದ. ಹಿಂದೆ ದರ್ಜಿ ಇಟ್ಟಿಗೆ ಹಿಡಿದುಕೊಂಡು, ಅವನ ಹಿಂದೆ ಪಾದ್ರಿಯವರು ತೋಳು ಮಡಚಿಕೊಂಡು. ಹೆಂಡತಿ ಲಾಂಡ್ರಿಗೆ ರಜೆ ಹಾಕಿ ನೀರು ಹೊತ್ತಳು. ನಾಲ್ಕೂ ಜನ ಸೇರಿ ಮಧ್ಯಾಹ್ನದೊಳಗೆ ಮುಚ್ಚಿದರು. ಪಾದ್ರಿಯವರ ಇಟ್ಟಿಗೆ ಎರಡು ಸೊಟ್ಟ, ನಾನು ಏನೂ ಅನ್ನಲಿಲ್ಲ. ತಮ್ಮ ಹಾಗೇ ಮೇಲೆ ಹತ್ತಿ ಆ ಎರಡು ಹೆಂಚನ್ನೂ ಸರಿ ಮಾಡಿದ.

ಅತ್ತೆ ಬೈಬಲ್ ಚೀಲಕ್ಕೆ ಹಾಕಿಕೊಂಡು ಹೊರಟಿದ್ದರು. ನಾನು ಕರೆದೆ.

"ಅತ್ತೆ, ಆ ಚಾವಣಿ ಮುಚ್ಚಿದವರು ಯಾರು ಅಂತ ಗೊತ್ತಾಯ್ತು."

"ಯಾರು?"

"ಅದೇ ನಾಲ್ಕು ಜನ. ಮಾರನೇ ದಿನ ಬೆಳಿಗ್ಗೆ ಬಂದಿರ್ತಾರೆ. ಇಷ್ಟು ಎಲ್ರಿಗೂ ಗೊತ್ತಾಗತ್ತೆ ಅಂತ ಬರೀಲಿಲ್ಲ."

ಅತ್ತೆ ಚೀಲ ಕೆಳಗಿಟ್ಟರು, ಕೂತರು. "ಮನೆಗೆ ಭಾನುವಾರ ಹೋದ್ರಾಯ್ತು," ಅಂದರು.

ಏಣಿಯ ಬೂಟನ್ನು ಮೇಜಿನ ಕೆಳಗಿಂದ ತೆಗೆದು ತಮ್ಮನ ಕೈಗೆ ಕೊಟ್ಟೆ. ಬೋರ್ಡಿನ ಜೊತೆ ತಗೊಂಡು ಹೋದ. ಈಗ ಈ ಮೇಜು ಕುಣಿಯುತ್ತಿದೆ, ಅಕ್ಷರ ಅಂಕುಡೊಂಕು ಬರುತ್ತಿದೆ. ಇರಲಿ.